ಹೊಳೆ ಮೇಲೆ ಗೆರೆ ಎಳೆದರೆ ಬಲೆಯವರು ಎಲ್ಲಿಗೆ ಹೋಗಬೇಕು? ಲಿಂಗನಮಕ್ಕಿಯಿಂದ ಹೊನ್ನಾವರದ ತನಕ

ಹಿನ್ನೀರ ದಡ, ಸಾಗರ

ಹೊನ್ನಾವರದ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮದಿಂದ ಅಲ್ಲಿನ ಮೀನುಗಾರರಿಗೆ ಏನಾಗುತ್ತದೆ ಅಂತ ನಮ್ಮ ಈ ಚರ್ಚಾ ಗುಂಪಿನಲ್ಲಿ ಒಬ್ಬರು ಕೇಳಿದ್ದರು. "ಅದು ಕರಾವಳಿಯವರ ತಲೆನೋವು, ಘಟ್ಟದ ಮೇಲಿನವರಿಗೇನು" ಅಂತ ಉತ್ತರ ಬಂತು. ಮಾತು ಅಲ್ಲಿಗೇ ನಿಂತಿತು. ನನಗೆ ಅದು ಸರಿ ಅನಿಸಲಿಲ್ಲ, ಅದಕ್ಕೇ ಈ ಚರ್ಚೆ.

ನಮ್ಮಲ್ಲೂ ನೀರಿನ ಮೇಲೆ ಗೆರೆ ಎಳೆದು ಐವತ್ತು ವರ್ಷ ದಾಟಿದೆ. ಶರಾವತಿ ಕಣಿವೆ ಅಭಯಾರಣ್ಯ ಆಗಿದ್ದು 1972ರಲ್ಲಿ, 431 ಚದರ ಕಿ.ಮೀ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದೊಡ್ಡ ಪಾಲು ಅದರೊಳಗೇ ಸೇರಿಕೊಂಡಿತು. 2019ರಲ್ಲಿ ಅದನ್ನೇ ಹಿಗ್ಗಿಸಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಈಗ 930 ಚದರ ಕಿ.ಮೀ. ಸಿಂಗಳೀಕದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಿಂಗಳೀಕ ಮರದ ಮೇಲೆ ಇರುತ್ತದೆ, ನಮ್ಮವರ ಬಲೆ ನೀರಿನಲ್ಲಿ ಇರುತ್ತದೆ.

ಕಾಡಿನಲ್ಲಿ ಗಡಿ ಮಾಡಿದರೆ ಕಲ್ಲು ನೆಡುತ್ತಾರೆ. ನೀರಿನಲ್ಲಿ ಏನು ನೆಡುತ್ತಾರೆ? ಅಣೆಕಟ್ಟು ಅದರ ಪೂರ್ಣ ಮಟ್ಟವಾದ 1819 ಅಡಿಗೆ ತುಂಬಿದಾಗ ಒಂದು ದಡ, ಏಪ್ರಿಲ್‌ನಲ್ಲಿ ಬೇರೆಯೇ ದಡ. ಬೇಸಿಗೆಯಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಕೂರುತ್ತದೆ. ರಾತ್ರಿ ಬಲೆ ಬಿಟ್ಟು ಬೆಳಿಗ್ಗೆ ಎತ್ತುವವನಿಗೆ ತಾನು ಗೆರೆಯ ಯಾವ ಕಡೆ ಇದ್ದೇನೆ ಅಂತ ಗೊತ್ತಿರುವುದಿಲ್ಲ. ಅವನನ್ನು ಹಿಡಿಯಲು ಬಂದ ಅರಣ್ಯ ಇಲಾಖೆಯವರಿಗೂ ಗೊತ್ತಿರುವುದಿಲ್ಲ. ಆದರೆ ಬಲೆ ಹೋಗುವುದು ಮಾತ್ರ ಒಬ್ಬರದ್ದೇ.

ನಾನು ಮೀನು ಹಿಡಿಯುವವನಲ್ಲ, ಮೀನುಗಾರರ ಸಂಘವೊಂದರ ಲೆಕ್ಕ ಬರೆಯುವವನು. ಮೀನುಗಾರಿಕೆ ಇಲಾಖೆ ದುಡ್ಡು ತಗೊಂಡು ಪರವಾನಗಿ ಕೊಡುತ್ತದೆ. ಅರಣ್ಯ ಇಲಾಖೆ ಆ ಪರವಾನಗಿ ಇಲ್ಲಿ ನಡೆಯಲ್ಲ ಅನ್ನುತ್ತದೆ. ಎರಡೂ ಒಂದೇ ಸರ್ಕಾರದ್ದು, ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಮೀನು ಉಳಿಯಬೇಕು, ಒಪ್ಪಿದೆ. ಅದರ ಖರ್ಚು ಯಾರ ತಲೆ ಮೇಲೆ ಬೀಳುತ್ತಿದೆ?

ತುಂಗೆ ಕಡೆಯವಳು, ತೀರ್ಥಹಳ್ಳಿ

ನಮ್ಮ ಚಿಬ್ಬಲಗುಡ್ಡೆ ನೋಡಿ. ತುಂಗೆಯಲ್ಲಿ ಗಣಪತಿ ದೇವಸ್ಥಾನದ ಎದುರಿನ ಮಡುವಿನಲ್ಲಿ ಮೀನು ಮುಟ್ಟುವ ಹಾಗಿಲ್ಲ. ಮಂಡಕ್ಕಿ ಹಾಕಿದರೆ ನೀರೇ ಕಪ್ಪಾಗುವಷ್ಟು ಮೀನು ಬರುತ್ತವೆ. ಶೃಂಗೇರಿಯಲ್ಲೂ ಹಾಗೇ. ಕಾಯ್ದೆ ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನಿಂದ ನಡೆದುಕೊಂಡು ಬಂದಿದ್ದು. ಊರವರೇ ಬೇಡ ಅಂದುಕೊಂಡರು, ನಿಂತಿತು. ಗಾರ್ಡ್ ಬೇಕಾಗಲಿಲ್ಲ, ಕೇಸ್ ಬೇಕಾಗಲಿಲ್ಲ. ಹಿನ್ನೀರಿನಲ್ಲೂ ಹಾಗೆ ಮಾಡಬಹುದಲ್ಲ?

ಗಾಳದ ಗಿರಾಕಿ, ಹೊಸನಗರ

ಅಕ್ಕ, ದೇವಸ್ಥಾನದ ಮಡು ಎಷ್ಟು ಉದ್ದ ಇದೆ? ಆ ದಂಡೆಯಿಂದ ಈ ದಂಡೆಗೆ ಕೂಗಿದರೆ ಕೇಳುತ್ತದೆ. ಅಷ್ಟು ಜಾಗ ಬಿಡಲು ಯಾರಿಗೂ ಕಷ್ಟ ಇಲ್ಲ. ಬಲೆಯವರು ಸ್ವಲ್ಪ ಕೆಳಗೆ ಹೋಗಿ ಬಲೆ ಹಾಕಿಕೊಳ್ಳುತ್ತಾರೆ. ಇಡೀ ಹೊಳೆಯನ್ನೇ ದೇವರ ಮಡು ಮಾಡಿ ಅಂದ್ರೆ ಆಗ ಗೊತ್ತಾಗುತ್ತದೆ ಭಕ್ತಿ ಎಷ್ಟಿದೆ ಅಂತ.

ಇನ್ನೊಂದು. ಘಟ್ಟದ ಕೆಳಗೆ ಶಿಶಿಲದಲ್ಲಿ 1996ರಲ್ಲಿ ಏನಾಯಿತು? ಅದೂ ದೇವರ ಮೀನೇ. ಕಪಿಲಾ ಹೊಳೆಗೆ ವಿಷ ಹಾಕಿ ರಾಶಿ ರಾಶಿ ಮಹಶೀರ್ ಮೀನು ಸಾಯಿಸಿದರು. ದೇವರ ಹೆದರಿಕೆ ಎಲ್ಲರಿಗೂ ಇರುವುದಿಲ್ಲ.

ಮೀನು ವ್ಯಾನ್, ಶಿವಮೊಗ್ಗ

ಸುಮ್ನೆ ಒಂದು ಮಾತು. ಶಿವಮೊಗ್ಗದವರು ದಿನಾ ತಿನ್ನುವುದು ಘಟ್ಟ ಹತ್ತಿ ಬಂದ ಬಂಗುಡೆ, ಭೂತಾಯಿ. ಜೂನ್, ಜುಲೈನಲ್ಲಿ ನಿಷೇಧದಿಂದ ಕಡಲಿನ ದೊಡ್ಡ ಬೋಟು ನಿಂತಾಗ ಇದೇ ಜನ ಹಿನ್ನೀರಿನ ಕಾಟ್ಲಾ ಹುಡುಕಿಕೊಂಡು ಬರುತ್ತಾರೆ. ಹೊಳೆಮೀನು ಮೊಟ್ಟೆ ಇಡುವ ಕಾಲಕ್ಕೇ ಅದಕ್ಕೆ ರೇಟು ಜಾಸ್ತಿ. ವ್ಯಾಪಾರಿಯಾಗಿ ನನಗೆ ಲಾಭ. ಆದರೂ ಇದು ಉಲ್ಟಾ ಅನ್ನೋದು ನನಗೂ ಗೊತ್ತು.

ಕಾಯ್ದೆ ಪುಸ್ತಕ, ಶಿವಮೊಗ್ಗ

ಹಿನ್ನೀರ ದಡ ಸರ್, ನಿಮ್ಮವರ ಸ್ಥಿತಿ ಕಡಲಿನವರಿಗಿಂತ ಕಷ್ಟದ್ದು. ಯಾಕೆ ಅಂತ ಹೇಳ್ತೀನಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಓದಿ. ದೇಶದ ಕಡಲ ನೀರನ್ನು ಅಭಯಾರಣ್ಯಕ್ಕೆ ಸೇರಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಗಡಿ ಹಾಕುವ ಮೊದಲು ನೌಕಾಪಡೆಯ ಸಮುದ್ರ ಅಳತೆಯ ಮುಖ್ಯಸ್ಥರನ್ನು ಕೇಳಬೇಕು. ಜೊತೆಗೆ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಸಾಕಷ್ಟು ಕ್ರಮ ತೆಗೆದುಕೊಂಡಿರಬೇಕು. ಅದು ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನೋದು ಬೇರೆ ಮಾತು. ಆದರೆ ಕೋರ್ಟಿಗೆ ಹೋಗಿ ತೋರಿಸಲು ಒಂದು ಸಾಲು ಇದೆ. ಆ ಸಾಲು ಕಡಲಿಗೆ ಮಾತ್ರ. ಹೊಳೆಗೆ, ಹಿನ್ನೀರಿಗೆ ಇಲ್ಲ.

ನಿಮಗೆ ಉಳಿಯುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3(1)(ಡಿ)ಯಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಅಂತ ಸ್ಪಷ್ಟವಾಗಿ ಇದೆ. ಪರಿಶಿಷ್ಟ ಪಂಗಡದವರಾದರೆ ದಾರಿ ಸ್ವಲ್ಪ ಸಲೀಸು. ಉಳಿದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನು ನಂಬಿ ಬದುಕಿದ್ದಕ್ಕೆ ದಾಖಲೆ ಕೊಡಬೇಕು.

ಹಿನ್ನೀರ ದಡ, ಸಾಗರ

ಲಿಂಗನಮಕ್ಕಿ ಕಟ್ಟಿದ್ದೇ 1964ರಲ್ಲಿ. ಇಲ್ಲದ ಹಿನ್ನೀರಿನಲ್ಲಿ 1930ರಿಂದ ಮೀನು ಹಿಡಿದಿದ್ದಕ್ಕೆ ದಾಖಲೆ ಎಲ್ಲಿಂದ ತರೋದು ಮಾರಾಯ್ರೇ? ಹೊಲ ಮನೆ ಮುಳುಗಿದವರಿಗೇ ಇನ್ನೂ ಜಮೀನಿನ ಹಕ್ಕುಪತ್ರದ ಜಗಳ ಮುಗಿದಿಲ್ಲ. ಮುಳುಗಿದ ಊರಿನವರಲ್ಲಿ ಕೆಲವರು ಆಮೇಲೆ ಬಲೆ ಹಿಡಿದರು, ಯಾಕೆಂದರೆ ಎದುರಿಗೆ ಇದ್ದಿದ್ದು ನೀರು ಮಾತ್ರ. ಹೊರಗಿನಿಂದ ಬಂದು ದಡದಲ್ಲಿ ಶೆಡ್ ಹಾಕಿಕೊಂಡ ಕುಟುಂಬಗಳಿಗಂತೂ ತೋರಿಸಲು ಏನೂ ಇಲ್ಲ.

ಹಕ್ಕಿ ಪುಕ್ಕ, ಭದ್ರಾವತಿ

ಎಲ್ಲರೂ ಬಲೆಯವರ ಪರ ಮಾತಾಡುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೈಯಬೇಡಿ.

ಭದ್ರಾ ಹಿನ್ನೀರಿನಲ್ಲಿ ಲಕ್ಕವಳ್ಳಿ ಹತ್ತಿರ ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳು ಏಳುತ್ತವೆ. ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಅದೇ ನಡುಗಡ್ಡೆಗೆ ಬಲೆಯವರು ತೆಪ್ಪ ಹಚ್ಚಿ ಅಡುಗೆ ಮಾಡಿ ಮಲಗಿದರೆ ಆ ವರ್ಷದ ಮರಿಗಳ ಕಥೆ ಮುಗಿಯಿತು. ನೀರುನಾಯಿ ಬಲೆಗೆ ಸಿಕ್ಕಿ ಸತ್ತಿದ್ದನ್ನು ನೋಡಿದ್ದೇನೆ. ಹರಿದ ನೈಲಾನ್ ಬಲೆ ಅಲ್ಲೇ ಬಿಟ್ಟು ಹೋಗುತ್ತಾರೆ, ಅದು ಯಾರೂ ಎತ್ತದೇ ಇದ್ದರೂ ಕೊಲ್ಲುತ್ತಲೇ ಇರುತ್ತದೆ.

ಮುಚ್ಚಿದರೆ ಮೀನಿಗೂ ಒಳ್ಳೆಯದೇ. ಮೆಕ್ಸಿಕೋದ ಕಾಬೊ ಪುಲ್ಮೊ ಅನ್ನೋ ಕಡಲ ಊರಿನಲ್ಲಿ 1995ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. 1999ರಿಂದ 2009ರ ನಡುವೆ ಅಲ್ಲಿ ಮೀನಿನ ಒಟ್ಟು ತೂಕ ಐದು ಪಟ್ಟಿಗಿಂತ ಜಾಸ್ತಿ ಆಯಿತು. ದೊಡ್ಡ ತಾಯಿಮೀನು ಉಳಿದರೆ ಮೊಟ್ಟೆ ಜಾಸ್ತಿ. ತುಂಬಿದ ಮೇಲೆ ಗೆರೆಯಿಂದ ಹೊರಗೂ ಬಂದೇ ಬರುತ್ತದೆ. ಅದನ್ನು ಹಿಡಿಯುವುದು ಮೀನುಗಾರರೇ ತಾನೇ?

ಹಿನ್ನೀರ ದಡ, ಸಾಗರ

ಬೈಯಲ್ಲ. ನಡುಗಡ್ಡೆ ವಿಷಯ ನೂರಕ್ಕೆ ನೂರು ಒಪ್ಪಿದೆ. ಮೊಟ್ಟೆ ಇಡುವ ತಿಂಗಳುಗಳಲ್ಲಿ ಅಲ್ಲಿ ಕಾಲಿಡಬಾರದು ಅಂದರೆ ಯಾವ ಮೀನುಗಾರನ ಹೊಟ್ಟೆಯೂ ಬರಿದಾಗುವುದಿಲ್ಲ.

ಆದರೆ ಕಾಬೊ ಪುಲ್ಮೊದಲ್ಲಿ ಮುಚ್ಚಿ ಅಂತ ಕೇಳಿದ್ದು ಅದೇ ಊರಿನ ಮೀನುಗಾರ ಕುಟುಂಬಗಳು. ಆಮೇಲೆ ಅವರೇ ಡೈವಿಂಗ್ ಕರೆದುಕೊಂಡು ಹೋಗುವ ಕೆಲಸಕ್ಕೆ ಇಳಿದರು. ನಮ್ಮ ದೇಶದ್ದು ನೋಡಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲಿ 21 ದ್ವೀಪ ಸೇರಿಸಿ 560 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನ ಮಾಡಿದರು. ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಹೆಂಗಸರಿಗೆ ಬೇರೆ ಜಮೀನೂ ಇಲ್ಲ, ದೋಣಿಯೂ ಇಲ್ಲ. ಅವರು ರಾತ್ರಿ ಬೆಳಗಾಗುವುದರೊಳಗೆ ಕಳ್ಳರಾದರು. ಸಿಂಧುದುರ್ಗದ ಮಾಲ್ವಣದಲ್ಲಿ 1987ರಲ್ಲಿ ಬರೀ 29 ಚದರ ಕಿ.ಮೀ. ಮುಚ್ಚಿದರು. ಅಷ್ಟಕ್ಕೇ ಮೀನುಗಾರರು ತಿರುಗಿಬಿದ್ದರು. ಜಾಗ ಚಿಕ್ಕದೋ ದೊಡ್ಡದೋ ಅನ್ನೋದಕ್ಕಿಂತ ಯಾರನ್ನು ಕೇಳಿ ಮಾಡಿದರು ಅನ್ನೋದೇ ಮುಖ್ಯ ಅಂತ ನನಗೆ ಅನಿಸುತ್ತದೆ.

ಕಾಸರಕೋಡು ಕಡಲು, ಹೊನ್ನಾವರ

ಘಟ್ಟದ ಮೇಲಿನವರ ಚರ್ಚೆಯಲ್ಲಿ ನಾನು ಬರಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಊರಿನ ಹೆಸರು ಮೊದಲ ಸಾಲಿನಲ್ಲೇ ಕಂಡಿತು, ಬಂದೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಅದನ್ನು ನಾವು ಒಪ್ಪುತ್ತೇವೆ. ಗೊಣಗುತ್ತೇವೆ, ಆದರೂ ಒಪ್ಪುತ್ತೇವೆ. ಯಾಕೆಂದರೆ ಮಂಗಳೂರಿನಿಂದ ಕಾರವಾರದ ತನಕ ಎಲ್ಲರಿಗೂ ಒಂದೇ. ಸಣ್ಣ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ ಇದೆ, ಕಡಲು ಇಳಿಯಲು ಬಿಟ್ಟರೆ ಬಡವನೂ ನಾಲ್ಕು ಮೀನು ಹಿಡಿಯಬಹುದು. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಗೆರೆ ಹಾಗಲ್ಲ. ಟ್ರಾಲರ್‌ನವನಿಗೆ ಗೆರೆ ಬಿದ್ದರೆ ಅವನು ಡೀಸೆಲ್ ಹಾಕಿಕೊಂಡು ಬೇರೆ ಕಡೆ ಹೋಗುತ್ತಾನೆ. ದಡದಿಂದ ಬಲೆ ಎಳೆಯುವವನು ಎಲ್ಲಿಗೆ ಹೋಗುತ್ತಾನೆ? ಅವನ ಕಡಲು ಅಂದರೆ ಅವನ ಮನೆ ಮುಂದಿನದ್ದೇ. ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಬೆಳಕು ಬಿಟ್ಟು ಮೀನು ಹಿಡಿಯುವುದಕ್ಕೆ ನಿಷೇಧ ಇದೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್‌ಗೂ ಇದೆ. ರಾತ್ರಿ ದಡದಲ್ಲಿ ನಿಂತು ನೋಡಿ, ಕಡಲಲ್ಲಿ ಪೇಟೆ ಹಚ್ಚಿದ ಹಾಗೆ ದೀಪ ಕಾಣುತ್ತದೆ. ಅದನ್ನು ನಿಲ್ಲಿಸಲು ಆಗದವರು ನಮ್ಮ ದೋಣಿಗೆ ನಕ್ಷೆ ತೋರಿಸಿದರೆ ಸಿಟ್ಟು ಬರಲ್ವಾ?

ಕಡಲಾಮೆ ಬಗ್ಗೆ ಒಂದು ಮಾತು. ನಮ್ಮ ದಡದಲ್ಲಿ ಆಲಿವ್ ರಿಡ್ಲಿ ಮೊಟ್ಟೆ ಇಡುತ್ತದೆ. ಗೂಡು ಕಂಡರೆ ಮೊದಲು ಹೇಳುವವರು ಮೀನುಗಾರರೇ, ಬೇಲಿ ಕಟ್ಟಿ ಕಾಯುವವರೂ ಅವರೇ. ಅಂಥವರನ್ನು ಬಿಟ್ಟು ಯಾರ ಕೈಯಲ್ಲಿ ಕಾಯಿಸುತ್ತೀರಿ?

ಇನ್ನು ಸಾಗರದವರಿಗೆ ಒಂದು ಕಹಿ ಮಾತು. ಶರಾವತಿ ಕಡಲು ಸೇರುವ ನಮ್ಮ ಅಳಿವೆಯ ಮೀನು ಹಾಳಾಗಿದ್ದು ನಮ್ಮ ಬಲೆಯಿಂದ ಮಾತ್ರ ಅಲ್ಲ. ನಿಮ್ಮ ಲಿಂಗನಮಕ್ಕಿಯಿಂದ, ಗೇರುಸೊಪ್ಪೆಯಿಂದ ಕರೆಂಟ್ ತೆಗೆದ ಸಿಹಿನೀರು ವರ್ಷವಿಡೀ ಬರುತ್ತದೆ. ಬೇಸಿಗೆಯಲ್ಲಿ ಅಳಿವೆಗೆ ಉಪ್ಪು ಏರಬೇಕು, ಏರುವುದಿಲ್ಲ. ಉಪ್ಪು ಇಲ್ಲದಿದ್ದರೆ ಬಳಚು, ಅಂದರೆ ಚಿಪ್ಪುಮೀನು, ಬದುಕುವುದಿಲ್ಲ. ಬಳಚು ಹೆಕ್ಕಿ ಸಂಸಾರ ನಡೆಸುತ್ತಿದ್ದ ಹೆಂಗಸರ ಕೆಲಸ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಅಳಿವೆಯನ್ನೂ ಅಘನಾಶಿನಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಇದನ್ನೇ ಹೇಳಿದ್ದಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಅಲ್ಲಿ ಬಳಚು ಇನ್ನೂ ಇದೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಅಣೆಕಟ್ಟಿಗೆ ಯಾರು ಗೆರೆ ಎಳೆಯುತ್ತಾರೆ?

ತುಂಗೆ ಕಡೆಯವಳು, ತೀರ್ಥಹಳ್ಳಿ

ಇದು ಗೊತ್ತೇ ಇರಲಿಲ್ಲ. ಹೊಳೆಗೆ ನೀರು ಬಿಟ್ಟರೆ ಒಳ್ಳೆಯದು ಅಂತಲೇ ಅಂದುಕೊಳ್ಳುತ್ತೇವೆ. ಸಿಹಿನೀರೂ ಜಾಸ್ತಿಯಾದರೆ ತೊಂದರೆ ಅಂತ ಯಾರು ಯೋಚಿಸಿರುತ್ತಾರೆ?

ಕಾಯ್ದೆ ಪುಸ್ತಕ, ಶಿವಮೊಗ್ಗ

ಅದೇ ಸಿಂಗಳೀಕ ಅಭಯಾರಣ್ಯದ ಒಳಗೇ ತಲಕಳಲೆಗೂ ಗೇರುಸೊಪ್ಪೆಗೂ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ ಮತ್ತೆ ಇಳಿಸಿ ಕರೆಂಟ್ ತೆಗೆಯುವ) ಯೋಜನೆ ತರಲು ಹೊರಟಿದ್ದಾರೆ. ಬಲೆ ಬೇಡ, ಸುರಂಗ ಆಗಬಹುದು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ, ಬರೆದರೆ ಚರ್ಚೆ ಅತ್ತ ಹೋಗಿಬಿಡುತ್ತದೆ.

ಲಕ್ಕವಳ್ಳಿ ಲೋಕಲ್, ತರೀಕೆರೆ

ಎಲ್ಲರೂ ‘ಮೀನು ಉಳಿಯಬೇಕು’ ಅಂತೀರಿ. ಯಾವ ಮೀನು?

ಹಿನ್ನೀರಿನ ಬಲೆಗೆ ಬೀಳುವುದರಲ್ಲಿ ಹೆಚ್ಚಿನದು ಕಾಟ್ಲಾ, ರೋಹು, ಮೃಗಾಲ್, ಗೌರಿ ಮೀನು, ಜಲೇಬಿ (ತಿಲಾಪಿಯಾ). ಮೊದಲ ಮೂರು ಗಂಗೆಯ ಕಡೆಯವು. ಗೌರಿ ಮೀನು, ಜಲೇಬಿ ಎರಡೂ ಹೊರದೇಶದವು. ಯಾವುದೂ ಮಲೆನಾಡಿನ ಹೊಳೆಯಲ್ಲಿ ಹುಟ್ಟಿದ್ದಲ್ಲ. ಇಲಾಖೆಯವರು ಮರಿ ತಂದು ಬಿಡುತ್ತಾರೆ, ಬೆಳೆದ ಮೇಲೆ ನಾವು ಹಿಡಿಯುತ್ತೇವೆ. ಅದು ಒಂಥರಾ ಸಾಗುವಳಿ. ಬಿತ್ತಿದ್ದನ್ನು ಕೊಯ್ಯಬೇಡ ಅಂದರೆ ಏನರ್ಥ? ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಸಾಕಲೇಬಾರದು ಅಂತ ನಿಷೇಧ ಇರುವ ಮೀನು. ಅದನ್ನು ಹಿಡಿದವನಿಗೆ ಹಾರ ಹಾಕಬೇಕು.

ಕಾಯಬೇಕಾಗಿದ್ದು ನಮ್ಮದೇ ಮೀನು. ಮಹಶೀರ್, ಮುರುಗೋಡು, ಬಾಳೆಮೀನು, ಹಾವುಮೀನು, ಹಳ್ಳದ ಸಣ್ಣಪುಟ್ಟ ಮೀನು. ಅವು ಇರುವುದು ಹಿನ್ನೀರಿನ ನಡುಮಧ್ಯದಲ್ಲಿ ಅಲ್ಲ, ಹೆಚ್ಚಾಗಿ ಹಳ್ಳ ಬಂದು ಸೇರುವ ಬಾಯಲ್ಲಿ, ಮೇಲಿನ ಕಲ್ಲುಮಡುಗಳಲ್ಲಿ. ಅವುಗಳನ್ನು ಕೊಂದಿದ್ದು ಬಲೆ ಅಲ್ಲ, ತೋಟೆ, ಅಂದರೆ ಸಿಡಿಮದ್ದು. ಒಂದು ತೋಟೆ ಎಸೆದರೆ ಮಡುವಿನ ಮರಿಯಿಂದ ಹಿಡಿದು ಎಲ್ಲ ಸಾಯುತ್ತದೆ. ತೇಲಿದ ನಾಲ್ಕು ಎತ್ತಿಕೊಂಡು ಹೋಗುತ್ತಾರೆ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕುವವರೂ ಅಷ್ಟೇ. ತೋಟೆ ಹಾಕುವವರು ಕಸುಬಿನ ಮೀನುಗಾರರಾ? ಅಲ್ಲ. ಜೀಪಿನಲ್ಲಿ ಪಾರ್ಟಿಗೆ ಬರುವವರು.

ಹಕ್ಕಿ ಪುಕ್ಕ, ಭದ್ರಾವತಿ

ಇದು ಸರಿಯಾದ ಮಾತು. ಹಾಗಾದರೆ ಇಡೀ ಹಿನ್ನೀರು ಮುಚ್ಚುವ ಬದಲು ಹಳ್ಳದ ಬಾಯಿಗಳನ್ನು ಮಾತ್ರ ಮುಚ್ಚಬಹುದಲ್ಲ? ಅದೂ ಮೊದಲ ಮಳೆಯಿಂದ ಒಂದೆರಡು ತಿಂಗಳು, ಮೀನು ಮೇಲೆ ಹತ್ತುವ ಕಾಲಕ್ಕೆ. ನಡುನೀರಿನಲ್ಲಿ ದೊಡ್ಡ ಕಣ್ಣಿನ ಬಲೆಗೆ ಅವಕಾಶ ಕೊಡಲಿ.

ಹಿನ್ನೀರ ದಡ, ಸಾಗರ

ನಾನು ಹೇಳಬೇಕು ಅಂತಿದ್ದದ್ದೂ ಇದೇ. ನಮ್ಮ ಸಂಘದ ಹಿರಿಯರನ್ನು ಕೇಳಿದರೆ ಯಾವ ಹಳ್ಳದಲ್ಲಿ ಯಾವ ಮೀನು ಹತ್ತುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಆ ನಕ್ಷೆ ಯಾವ ಇಲಾಖೆಯ ಹತ್ತಿರವೂ ಇಲ್ಲ. ಗೆರೆ ಎಳೆಯುವ ಕೋಲು ಅವರ ಕೈಗೆ ಕೊಡಿ ಅನ್ನೋದಷ್ಟೇ ನನ್ನ ವಾದ. ಕಾಯುವ ಕೆಲಸವನ್ನೂ ಅವರಿಗೇ ಕೊಡಿ, ಆ ಎರಡು ತಿಂಗಳಿಗೆ ಕೂಲಿ ಕೊಡಿ.

ಗಾಳದ ಗಿರಾಕಿ, ಹೊಸನಗರ

ಒಂದು ನಿಮಿಷ. ಹಳ್ಳದ ಬಾಯಿ ಮುಚ್ಚುವುದು ಅಂದರೆ ಹತ್ತುಮೀನು, ಅಂದರೆ ಮಳೆನೀರಿಗೆ ಎದುರಾಗಿ ಹತ್ತಿ ಬರುವ ಮೀನು, ಹೊಡೆಯಬಾರದು ಅಂತ ತಾನೇ? ಮೊದಲ ಮಳೆಗೆ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುವುದು ಬೇಡ, ಕೂಣಿ (ಮೀನು ಹಿಡಿಯುವ ಬುಟ್ಟಿ) ಇಡುವುದು ಬೇಡ ಅಂತ? ಇದನ್ನು ಮಲೆನಾಡಿನಲ್ಲಿ ಹೇಳಿ ನೋಡಿ. ಸಿಂಗಳೀಕಕ್ಕೆ 930 ಚದರ ಕಿ.ಮೀ. ಕೊಟ್ಟಾರು, ಹತ್ತುಮೀನು ಮಾತ್ರ ಬಿಡಲಾರರು.

ಲಕ್ಕವಳ್ಳಿ ಲೋಕಲ್, ತರೀಕೆರೆ

ಈಗ ಮುಳ್ಳು ಸಿಕ್ಕಿತು ನೋಡಿ. ಬಲೆಯವನಿಗೆ ಕಾಯ್ದೆ ಹೇಳುವುದು ಸುಲಭ. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಗದ್ದೆಗೆ ಹತ್ತಿದ ಮೀನನ್ನು ಕತ್ತಿಯಲ್ಲಿ ಕಡಿಯುವವರು ನಾವು, ತೋಟ ಗದ್ದೆ ಇರುವವರು. ನಮಗದು ಹೊಟ್ಟೆಪಾಡಲ್ಲ, ಖುಷಿ. ಸಾರು ಚೆನ್ನಾಗಿರುತ್ತದೆ, ಅದೂ ನಿಜ.

ತುಂಗೆ ಕಡೆಯವಳು, ತೀರ್ಥಹಳ್ಳಿ

ಗದ್ದೆಗೆ ಹತ್ತಿದ ಮೀನು ನೀರು ಇಳಿದ ಮೇಲೆ ಅಲ್ಲೇ ಸಿಕ್ಕಿಕೊಂಡು ಸಾಯುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಹಿಡಿದರೂ ಹಿಡಿಯದಿದ್ದರೂ ಅಷ್ಟೇ ಅಂತ.

ಹಕ್ಕಿ ಪುಕ್ಕ, ಭದ್ರಾವತಿ

ಕೆಲವು ಸಿಕ್ಕಿಕೊಳ್ಳುತ್ತವೆ, ನಿಜ. ಆದರೆ ಹತ್ತಿ ಬರುವುದೇ ಅಲ್ಲಿ ಮೊಟ್ಟೆ ಇಡುವುದಕ್ಕೆ. ಮೊಟ್ಟೆ ಇಟ್ಟ ಮೇಲೆ ಸತ್ತರೂ ಮರಿ ಇಳಿದು ಹೊಳೆ ಸೇರುತ್ತದೆ. ಇಡುವ ಮೊದಲೇ ಕಡಿದರೆ ಏನೂ ಉಳಿಯಲ್ಲ. ಒಂದು ಮಾತಿಗೆ ಬರಬಹುದಾ? ದೊಡ್ಡ ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿ ಕೂಣಿ ಇಡುವುದನ್ನು ಮೊದಲು ಬಿಡೋಣ. ಗದ್ದೆಯದ್ದು ಆಮೇಲೆ ನೋಡೋಣ.

ಗಾಳದ ಗಿರಾಕಿ, ಹೊಸನಗರ

ಕಟ್ಟೆ ಕೂಣಿ ಬಿಡಬಹುದು. ಗದ್ದೆಯದ್ದು ನಾನಂತೂ ಬರೆದುಕೊಡಲ್ಲ.

ಮೀನು ವ್ಯಾನ್, ಶಿವಮೊಗ್ಗ

ಆ ಎರಡು ತಿಂಗಳಲ್ಲಿ ಹೊಟ್ಟೆಯಲ್ಲಿ ಮೊಟ್ಟೆ ಇರುವ ಹೊಳೆಮೀನು ನಾನು ಕೊಳ್ಳುವುದಿಲ್ಲ ಅಂತ ಬೇಕಾದರೆ ಹೇಳುತ್ತೇನೆ. ಆದರೆ ಮಾರ್ಕೆಟ್ಟಿನಲ್ಲಿ ನಾನೊಬ್ಬನೇ ಅಲ್ಲ.

ಕಾಸರಕೋಡು ಕಡಲು, ಹೊನ್ನಾವರ

ಕೂಲಿ ವಿಷಯ ಬಂತಲ್ಲ, ಒಂದು ಮಾಹಿತಿ. ನಮ್ಮಲ್ಲಿ ನಿಷೇಧದ ಕಾಲಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ 1500 ರೂಪಾಯಿ ಕಟ್ಟಬೇಕು, ಸರ್ಕಾರ 3000 ಸೇರಿಸುತ್ತದೆ, ಒಟ್ಟು 4500. ಅದು ಮೂರು ತಿಂಗಳಿಗೆ, ಅಂದರೆ ತಿಂಗಳಿಗೆ 1500. ಸಾಕಾಗಲ್ಲ, ಬೇಸರದ ಮಾತು. ಆದರೆ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಇದು ಒಳನಾಡಿನವರಿಗೂ ಇದೆ. ನಿಮ್ಮ ಸಂಘದವರು ಅರ್ಜಿ ಹಾಕಿದ್ದಾರಾ?

ಹಿನ್ನೀರ ದಡ, ಸಾಗರ

ಹಾಕಿಲ್ಲ. ಬಡತನ ರೇಖೆ ಕಾರ್ಡು, ಸಂಘದ ಸದಸ್ಯತ್ವ ಎರಡೂ ಬೇಕು ಅಂತಾರೆ. ದಡದ ಶೆಡ್ಡಿನಲ್ಲಿರುವ ಕುಟುಂಬಗಳಿಗೆ ಕಾರ್ಡು ಬೇರೆ ಜಿಲ್ಲೆಯದ್ದು. ಮೊದಲು ಅವರನ್ನು ಸದಸ್ಯರು ಮಾಡಿಕೊಳ್ಳಬೇಕು ಅಂತ ಸಂಘದಲ್ಲಿ ಕೇಳುತ್ತೇನೆ. ಹಳೆ ಸದಸ್ಯರು ಅದಕ್ಕೇ ಒಪ್ಪಲ್ಲ, ಇರುವ ನೀರಿಗೆ ಪಾಲುದಾರರು ಜಾಸ್ತಿ ಆಗ್ತಾರೆ ಅಂತ. ಹೊರಗಿನವರ ಗೆರೆ ಬಗ್ಗೆ ಇಷ್ಟು ಮಾತಾಡಿದೆವು, ನಮ್ಮೊಳಗಿನ ಗೆರೆ ಹೀಗಿದೆ.

ಕಾಯ್ದೆ ಪುಸ್ತಕ ಸರ್, ಅರಣ್ಯ ಹಕ್ಕು ಅರ್ಜಿಯನ್ನು ಗ್ರಾಮಸಭೆಯ ಮೂಲಕ ಸಮುದಾಯದ ಹಕ್ಕು ಅಂತ ಹಾಕಿದರೆ ಹೊಸದಾಗಿ ಬಂದವರನ್ನೂ ಅದರಲ್ಲಿ ಸೇರಿಸಬಹುದಾ?

ಕಾಯ್ದೆ ಪುಸ್ತಕ, ಶಿವಮೊಗ್ಗ

ಹಕ್ಕುದಾರರು ಅಂತ ಸೇರಿಸುವುದು ಕಷ್ಟ. ಆದರೆ ಅರ್ಜಿ ಮೊದಲು ಬರುವುದು ಗ್ರಾಮಸಭೆಗೇ, ಊರವರ ಹೇಳಿಕೆಯೂ ಪುರಾವೆ ಆಗುತ್ತದೆ. ಮುಳುಗಡೆಯವರ ಹಳೆ ಕಾಗದ ಇದ್ದರೆ ತೆಗೆದಿಡಿ. ಯಾವ ಹಳ್ಳ, ಯಾವ ತಿಂಗಳು ಅನ್ನುವ ನಿಮ್ಮ ಹಿರಿಯರ ಪಟ್ಟಿಯನ್ನೂ ಬರೆಸಿ, ಸಹಿ ಹಾಕಿಸಿ ಜೊತೆಗೆ ಇಡಿ. ಕರಡು ಮಾಡಿ ಕಳಿಸಿ, ನೋಡಿ ಕೊಡುತ್ತೇನೆ.